ಪುಟ್ಟಿಯ ಪಾದ, ಗಾಳಿಯ ಡಬ್ಬಿ

“ಅಳಲಿ ಬಿಡಿ ಸರ್. ಸಮಾಧಾನ ಮಾಡೋಕೆ ಹೋಗ್ಬೇಡಿ. ಈಗ ಅತ್ತಷ್ಟೂ ಒಳ್ಳೇದು.”

ಹೀಗಂದದ್ದು ಒಬ್ಬರು ನರ್ಸ್. ನನ್ನ ತೊಡೆಯ ಮೇಲಿದ್ದದ್ದು ನನ್ನ ತಂಗಿಯ ಮಗು, ಹುಟ್ಟಿ ತಿಂಗಳು ತುಂಬದ ಹೆಣ್ಣು ಕೂಸು. ನಾವು ಮೂವರೂ ಕೂತಿದ್ದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ, ಪೆಟ್ರೋಲ್ ಟ್ಯಾಂಕರಿನ ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿದಂಥ ಒಂದು ಉಕ್ಕಿನ ಕೋಣೆಯೊಳಗೆ. ಬಾಗಿಲನ್ನು ಹೊರಗಿನಿಂದ ಬಿಗಿದಾಗಿತ್ತು. ಗಾಳಿ ಬುಸ್ಸೆಂದು ತುಂಬುತ್ತಿತ್ತು. ನನ್ನ ಕಿವಿ ಗುಂಯ್ ಅನ್ನುತ್ತಿತ್ತು. ಮಗು ಮುಷ್ಟಿ ಬಿಗಿದು ಕಿರುಚುತ್ತಿತ್ತು.

ನಾನೋ, ಒಂದು ಕಡೆ ಐದು ನಿಮಿಷ ತೆಪ್ಪಗೆ ಕೂರುವ ಆಸಾಮಿಯಲ್ಲ. (ನಿಮಗಿದು ಗೊತ್ತು. ಬ್ಯಾಂಕಿನ ಕ್ಯೂ, ಸಿಗ್ನಲ್ ಸಿಗದ ರೈಲು, ಮದುವೆಮನೆಯ ಎರಡನೇ ಪಂಕ್ತಿ, ಎಲ್ಲದರ ಮೇಲೂ ಇದೇ ಅಂಕಣದಲ್ಲಿ ಕೂಗಾಡಿದ್ದೇನೆ.) ಅಂಥವನ ಕೈಯಿಂದ ಫೋನು ಕಿತ್ತುಕೊಂಡು, ವಾಚು ಬಿಚ್ಚಿಸಿ, ಜೇಬೇ ಇಲ್ಲದ ಹತ್ತಿಯ ಗೌನು ತೊಡಿಸಿ, ಅಳುವ ಕೂಸೊಂದನ್ನು ಕೊಟ್ಟು, “ಒಂದೂವರೆ ಗಂಟೆ ಅಲುಗಾಡಬೇಡಿ” ಅಂದರೆ ಹೇಗೆ?

ಯಾಕೆ ಬೇಕಿತ್ತು ಇದೆಲ್ಲ ಅಂತೀರಾ? ಹೇಳ್ತೀನಿ.

ನನ್ನ ತಂಗಿ ವಿನುತಾಳನ್ನು ಕೊಟ್ಟಿರುವುದು ಹಳೇಬೀಡಿಗೆ. ಅವಳ ಗಂಡ ಮಹೇಶ ಅಲ್ಲೇ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದಾನೆ. ನಾನು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ, ವಾರಕ್ಕೊಮ್ಮೆ ಅಂಕಣಕಾರ. ವಿನುತಾಳಿಗೆ ಇದು ಮೊದಲ ಬಸುರು. ತವರಿಗೆ ಕರೆತರೋಣ ಅಂತ ದಿನ ನೋಡಿಟ್ಟಿದ್ದೆವು. ಮಗು ನಮ್ಮ ಪಂಚಾಂಗಕ್ಕೆ ಕಾಯಲಿಲ್ಲ. ಮೂರು ವಾರ ಮೊದಲೇ, ಬೇಲೂರಿನಲ್ಲಿ, ಆಪರೇಷನ್ ಮಾಡಿಸಿಕೊಂಡು ಬಂದೇಬಿಟ್ಟಿತು. ನಮ್ಮಮ್ಮ ಈಗ ಇಲ್ಲ. ಹಾಗಾಗಿ ಬಾಣಂತನದ ಹೊಣೆ ವಿನುತಾಳ ಅತ್ತೆ ಗಿರಿಜಮ್ಮನವರದ್ದು.

ಬಾಣಂತನ ಶುರುವಾಗುವ ಮೊದಲೇ ಮಗುವಿಗೆ ಸೋಂಕು ತಗುಲಿತು. ಹಾಸನದ ಆಸ್ಪತ್ರೆಗೆ ಓಡಿಸಿದರು. ಗಾಜಿನ ಪೆಟ್ಟಿಗೆ, ನಳಿಕೆ, ಬೀಪ್ ಬೀಪ್. ಎರಡು ವಾರ ಉಸಿರು ಬಿಗಿಹಿಡಿದು ಕಾದೆವು. ಜ್ವರ ಇಳಿಯಿತು. ಮಗು ಹಾಲು ನುಂಗತೊಡಗಿತು. ಇನ್ನೇನು ಮನೆಗೆ ಕಳಿಸ್ತೀವಿ ಅಂದರು. ನಾನು ಅರಸೀಕೆರೆಯಲ್ಲಿ ತೊಟ್ಟಿಲಿಗೆ ಪಾಲಿಶ್ ಹಾಕಿಸಿದ್ದೂ ಆಯಿತು.

ಆಗ ಫೋನು ಬಂತು. “ಅಣ್ಣಾ, ಪುಟ್ಟಿ ಕಾಲು ನೀಲಿಯಾಗಿದೆ. ಬೇಗ ಬಾ.”

ಹೋಗಿ ನೋಡಿದೆ. ಬಲಗಾಲು. ಬೆರಳುಗಳಿಂದ ಹಿಡಿದು ಅರ್ಧ ಪಾದದವರೆಗೆ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಮುಟ್ಟಿದರೆ ತಣ್ಣಗೆ. ಎಡಗಾಲು ಬೆಚ್ಚಗೆ, ಗುಲಾಬಿ. ಒಂದೇ ಮಗುವಿನ ಎರಡು ಕಾಲು ಬೇರೆ ಬೇರೆ ಮಕ್ಕಳದ್ದು ಅನ್ನೋ ಹಾಗೆ.

“ಸೋಂಕು ಜೋರಾದಾಗ ಇಷ್ಟು ಚಿಕ್ಕ ಮಕ್ಕಳಲ್ಲಿ ಒಮ್ಮೊಮ್ಮೆ ಹೀಗಾಗುತ್ತೆ” ಅಂದರು ಸರ್ಜನ್. “ರಕ್ತ ಹೆಪ್ಪುಗಟ್ಟಿ ಸಣ್ಣ ನಾಳಗಳಿಗೆ ಅಡ್ಡ ಕೂತಿದೆ. ಕರಗಿಸೋಕೆ ಇಂಜೆಕ್ಷನ್ ಶುರು ಮಾಡಿದ್ದೀವಿ. ಯಾರೂ ಕಾಲು ಉಜ್ಜಬೇಡಿ. ಶಾಖ ಅಂತೂ ಕೊಡಲೇಬೇಡಿ.”

“ಕಾಲು ಉಳಿಯುತ್ತಾ?” ಅಂತ ಕೇಳಿದೆ.

“ಕಾದು ನೋಡಬೇಕು.”

ಕನ್ನಡದಲ್ಲಿ ಇದಕ್ಕಿಂತ ಕ್ರೂರವಾದ ಎರಡು ಪದ ಇದೆಯೇನ್ರೀ?

ಕಾಯುವುದು ನಮಗೆ ಬರುವುದಿಲ್ಲ. ನನಗೊಬ್ಬನಿಗಲ್ಲ, ನಮ್ಮ ಇಡೀ ಬಳಗಕ್ಕೇ ಬರುವುದಿಲ್ಲ. ಸುದ್ದಿ ಹಬ್ಬಿದ್ದೇ ತಡ, ಫೋನು ಬಿಸಿಯಾಯಿತು. ಒಬ್ಬರು ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಯಿಸಿ ಹಚ್ಚಿ ಅಂದರು. ಇನ್ನೊಬ್ಬರು ಉಪ್ಪಿನ ಗಂಟು ಕಾಯಿಸಿ ಒತ್ತಿ ಅಂದರು. (ಶಾಖ! ಡಾಕ್ಟರು ಯಾವುದನ್ನು ಬೇಡ ಅಂದರೋ ಸರಿಯಾಗಿ ಅದೇ!) ಮತ್ತೊಬ್ಬರು ಮಠಕ್ಕೆ ಕರೆದುಕೊಂಡು ಹೋಗಿ ವಿಭೂತಿ ಹಚ್ಚಿಸಿ ಅಂದರು. ಫ್ಯಾಮಿಲಿ ಗ್ರೂಪಿನಲ್ಲಿ ನಮ್ಮ ದೊಡ್ಡಪ್ಪನ ಮಗ ಯಾರದ್ದೋ ಕಾಲಿನ ವಿಡಿಯೋ ಹಾಕಿ ಕೆಳಗೆ ಕೈಮುಗಿದ ಚಿತ್ರ ಅಂಟಿಸಿದ. ನಾನು ಗ್ರೂಪಿನಿಂದ ಎಕ್ಸಿಟ್ ಆದೆ. ಅದಕ್ಕೂ ಬೈದು ಫೋನು ಬಂತು.

ಎರಡು ದಿನ ಕಳೆಯಿತು. ನೀಲಿ ಹೋಗಿ ಕಪ್ಪಾಯಿತು. ಆ ಕಪ್ಪು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಸರ್ಜನ್ ನಮ್ಮನ್ನು ಕೂರಿಸಿಕೊಂಡರು.

“ಕತ್ತರಿಸೋ ಮಾತು ಈಗ ಬೇಡ. ಚಿಕ್ಕ ಮಕ್ಕಳ ದೇಹ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಉಳಿಸಿಕೊಳ್ಳುತ್ತೆ. ಸತ್ತಿದ್ದು ಎಲ್ಲಿ, ಬದುಕಿದ್ದು ಎಲ್ಲಿ ಅಂತ ದೇಹ ತಾನೇ ಗೆರೆ ಹಾಕ್ಕೊಳ್ಳಲಿ. ಅಷ್ಟರೊಳಗೆ ಇನ್ನೊಂದು ಪ್ರಯತ್ನ ಮಾಡಬಹುದು. ಬೆಂಗಳೂರಿನಲ್ಲಿ ಹೈಪರ್‌ಬೇರಿಕ್ ಆಕ್ಸಿಜನ್ ಚೇಂಬರ್ ಇದೆ. ಒತ್ತಡದ ಗಾಳಿಯಲ್ಲಿ ಕೂರಿಸಿ ಶುದ್ಧ ಆಕ್ಸಿಜನ್ ಕೊಡ್ತಾರೆ. ಗ್ಯಾರಂಟಿ ಇಲ್ಲ. ಇಷ್ಟು ಚಿಕ್ಕವರಿಗೆ ಮಾಡಿದ್ದು ಬಹಳ ಕಡಿಮೆ. ಮನೆಯವರೆಲ್ಲ ಮಾತಾಡ್ಕೊಂಡು ಹೇಳಿ.”

ಮಾತಾಡೋಣ ಅಂತ ತಿರುಗಿ ನೋಡಿದರೆ ಮಹೇಶ ಇಲ್ಲ!

“ಮನೆಯಿಂದ ಬಟ್ಟೆ ತರ್ತೀನಿ ಅಂತ ಹೋದ್ರು” ಅಂದಳು ವಿನುತಾ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ನಾನು ಕಾರು ತೆಗೆದುಕೊಂಡು ಹಳೇಬೀಡಿಗೆ ಹೋದೆ. ಅಂಗಡಿಗೆ ಬೀಗ. ಪಕ್ಕದ ಅಂಗಡಿಯವರು, “ಬೈಕಲ್ಲಿ ಹುಲಿಕೆರೆ ಕಡೆ ಹೋದಂಗಿತ್ತು” ಅಂದರು.

ಹುಲಿಕೆರೆಯ ಕಲ್ಯಾಣಿ ನೋಡಿದ್ದೀರಲ್ಲ? ಟೂರಿಸ್ಟ್ ಬಸ್ಸುಗಳೆಲ್ಲ ಹಳೇಬೀಡಿನಲ್ಲೇ ನಿಲ್ಲುತ್ತವೆ, ಇಲ್ಲಿಗೆ ಬರುವವರು ಅಪರೂಪ. ಮಧ್ಯಾಹ್ನದ ಬಿಸಿಲಿನಲ್ಲಿ ಮಹೇಶ ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಎರಡೂ ಪಾದ ನೀರಿನಲ್ಲಿಟ್ಟುಕೊಂಡು ಕೂತಿದ್ದ. ಬಟ್ಟೆಯ ಬ್ಯಾಗು ಪಕ್ಕದಲ್ಲಿತ್ತು.

ಬೈಯಬೇಕು ಅಂತ ಹೋದವನು ಪಕ್ಕದಲ್ಲಿ ಕೂತೆ.

“ಭಾವ, ಆ ಡಬ್ಬಿಯೊಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಅಂದ.

“ಡಾಕ್ಟರು ಒಳ್ಳೇದಕ್ಕೇ ಹೇಳಿರ್ತಾರೆ.”

“ಗ್ಯಾರಂಟಿ ಇಲ್ಲ ಅಂತಾನೂ ಅವ್ರೇ ಹೇಳಿದ್ರಲ್ಲ. ಜೀವಾನಾದ್ರೂ ಉಳ್ಕೊಂಡೈತೆ. ಕಾಲಿನ ಆಸೆಗೆ ಬಿದ್ದು ಮಗೂನೇ ಕಳ್ಕೊಂಡ್ರೆ ವಿನು ಮುಖ ಹೆಂಗೆ ನೋಡ್ಲಿ? ಬೇಡ ಅಂದು, ಕಾಲು ಹೋದ್ರೆ ಆಗ ಪುಟ್ಟಿ ಮುಖ ಹೆಂಗೆ ನೋಡ್ಲಿ? ನೀವೇ ಹೇಳಿ ಭಾವ. ನೀವು ಓದಿದೋರು, ಬರೆಯೋರು.”

ಇಂಥ ಪ್ರಶ್ನೆಗೆ ಉತ್ತರ ಎಲ್ಲಿ ಕಲಿಸ್ತಾರೆ?

ನನ್ನ ಫೋನಿನಿಂದ ವಿನುತಾಗೆ ಮಾಡಿ ಅವನ ಕೈಗೆ ಕೊಟ್ಟೆ. ಆ ಕಡೆ ಏನಂದಳೋ ಪೂರ್ತಿ ಕೇಳಿಸಲಿಲ್ಲ. ಕೊನೆಯ ಮಾತು ಮಾತ್ರ ಕಲ್ಯಾಣಿಯ ಆಚೆ ದಡಕ್ಕೂ ಕೇಳುವಷ್ಟು ಗಟ್ಟಿಯಾಗಿತ್ತು. “ಹೆದರಿಕೆ ನಂಗೂ ಆಗ್ತಿದೆ ಕಣ್ರೀ. ಇಬ್ರೂ ಒಂದೇ ಕಡೆ ಕೂತು ಹೆದ್ರೋಣ, ಬನ್ನಿ.”

ಮಹೇಶ ಪಾದ ಒರೆಸಿಕೊಳ್ಳದೆ ಹಾಗೇ ಚಪ್ಪಲಿ ಮೆಟ್ಟಿ ಎದ್ದ.

ಬೆಂಗಳೂರಿಗೇ ಹೋಗೋಣ ಅಂತಾಯಿತು. ಆಂಬುಲೆನ್ಸಿನಲ್ಲಿ ಮಗು, ವಿನುತಾ, ಮಹೇಶ, ಗಿರಿಜಮ್ಮ ಹೊರಟರು. ನಾನು ಅರಸೀಕೆರೆಗೆ ಬಂದು, ವ್ಯಾಪಾರ ಹೆಂಡತಿಗೆ ಒಪ್ಪಿಸಿ, ಬೆಳಗಿನ ರೈಲಿಗೆ ಬೆಂಗಳೂರಿನ ದಾರಿ ಹಿಡಿದೆ. ತಿಪಟೂರು ದಾಟುವಷ್ಟರಲ್ಲಿ ಒಂದನೇ ಬೋಗಿಯಿಂದ ಕೊನೇ ಬೋಗಿಯವರೆಗೆ ಎಷ್ಟು ಸಲ ಓಡಾಡಿದೆನೋ, ಟೀ ಮಾರುವವರು ನನ್ನನ್ನೂ ತಮ್ಮವನೇ ಅಂದುಕೊಂಡಿರಬೇಕು.

ಅಲ್ಲಿನ ಡಾಕ್ಟರಮ್ಮ ನಿಧಾನಸ್ಥೆ. ಮಗುವಿನ ಎದೆ, ಕಿವಿ, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿದ್ದರು. (ಬೇಗ ಹುಟ್ಟಿದ ಮಕ್ಕಳಿಗೆ ಆಕ್ಸಿಜನ್ ಹೆಚ್ಚಾದರೆ ಕಣ್ಣಿಗೆ ಕುತ್ತಂತೆ. ಒಳ್ಳೆಯದರಲ್ಲೂ ಎಷ್ಟು ಗುಂಡಿ ನೋಡಿ!) ಪೆನ್ನಿನಿಂದ ಪುಟ್ಟಿಯ ಪಾದದ ಮೇಲೆ, ಕಪ್ಪು ಮುಗಿದು ಕೆಂಪು ಶುರುವಾಗುವ ಕಡೆ, ಒಂದು ಗೆರೆ ಎಳೆದಿದ್ದರು.

“ಗೋಲಿ ಸೋಡಾ ಕುಡಿದಿದ್ದೀರಲ್ಲ?” ಅಂತ ಕೇಳಿದರು. “ಗ್ಯಾಸು ನೀರಲ್ಲಿ ಕರಗೋದು ಹೇಗೆ? ಒತ್ತಡದಿಂದ. ಇದೂ ಹಾಗೇ. ಸಾಮಾನ್ಯವಾಗಿ ರಕ್ತದ ಕೆಂಪು ಕಣಗಳು ಆಕ್ಸಿಜನ್ ಹೊತ್ಕೊಂಡು ಹೋಗ್ತವೆ. ಈ ಕಾಲಲ್ಲಿ ಅವುಗಳ ದಾರಿ ಬಂದ್ ಆಗಿದೆ. ಒತ್ತಡ ಹೆಚ್ಚಿಸಿದ್ರೆ ರಕ್ತದ ನೀರಿನಂಶದಲ್ಲೇ ಆಕ್ಸಿಜನ್ ಜಾಸ್ತಿ ಕರಗುತ್ತೆ. ಅಲ್ಪಸ್ವಲ್ಪ ಜಿನುಗೋ ಕಡೆಗೂ ತಲುಪುತ್ತೆ. ದಾರಿ ತೆರೆಯೋವರೆಗೂ ಆ ಜಾಗ ಜೀವ ಹಿಡಿದಿರಲಿ ಅಂತ.”

ಮುಂದಿನ ಪ್ರಶ್ನೆ, ಒಳಗೆ ಹೋಗುವವರು ಯಾರು? ನರ್ಸ್ ಇರುತ್ತಾರೆ. ಜೊತೆಗೆ ಮಗುವನ್ನು ಹಿಡಿದುಕೊಳ್ಳಲು ಮನೆಯವರೊಬ್ಬರು ಬೇಕು. ವಿನುತಾಗೆ ಹೊಲಿಗೆಯ ನೋವಿನ ಜೊತೆ ವಿಪರೀತ ನೆಗಡಿ. ಮೂಗು ಕಟ್ಟಿದವರು ಒಳಗೆ ಹೋದರೆ ಕಿವಿಯ ತಮಟೆ ಹರಿಯಬಹುದಂತೆ. ಮಹೇಶನಿಗೆ ಚಿಕ್ಕಂದಿನಿಂದ ಕಿವಿ ಸೋರುವ ತೊಂದರೆ. ಗಿರಿಜಮ್ಮನವರಿಗೆ ಬಿ.ಪಿ.

ಎಲ್ಲರೂ ನನ್ನ ಮುಖ ನೋಡಿದರು.

ಸೋದರಮಾವನ ತೊಡೆಯ ಮೇಲೆ ಕೂರಿಸಿ ಮಗುವಿನ ಕಿವಿ ಚುಚ್ಚಿಸುತ್ತಾರೆ. ಅದಕ್ಕೆ ನಾನು ಮಾನಸಿಕವಾಗಿ ತಯಾರಿದ್ದೆ. ಇದಕ್ಕೆ?

ತಯಾರಿಯೇನೋ ಅವರೇ ಮಾಡಿಸಿದರು. ಪಾಲಿಯೆಸ್ಟರ್ ಇಲ್ಲ, ಉಂಗುರ ಇಲ್ಲ, ಕನ್ನಡಕ ಇಲ್ಲ. ಬೀಡಿ, ಬೆಂಕಿಪೊಟ್ಟಣ ಇಲ್ಲ ಅಂತ ಪ್ರಮಾಣ. ಮಗುವಿಗೆ ಕಾಡಿಗೆ ಇಲ್ಲ, ದೃಷ್ಟಿಬೊಟ್ಟು ಇಲ್ಲ, ಸೊಂಟದ ಕಪ್ಪು ದಾರವೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಣ್ಣೆ ಇಲ್ಲ. ಆಕ್ಸಿಜನ್ ತುಂಬಿದ ಕಡೆ ಒಂದು ಕಿಡಿ ಹಾರಿದರೂ ಎಣ್ಣೆ ಬತ್ತಿಯ ಹಾಗೆ ಹತ್ತಿಕೊಳ್ಳುತ್ತದಂತೆ. ಟೆಕ್ನಿಷಿಯನ್ ನನ್ನ ತಲೆ ಮೂಸಿ ನೋಡಿ, “ಇನ್ನೊಂದ್ಸಲ ಶಾಂಪೂ ಹಾಕ್ಕೊಂಡು ಬನ್ನಿ” ಅಂದ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯನ್ನು ತಿಕ್ಕಿ ತೊಳೆದು ಎಣ್ಣೆ ತೆಗೆಯೋದು ಅಂದ್ರೆ ಸುಮ್ಮನೇನಾ?

ಹೀಗೆ ನಾನು ಆ ಉಕ್ಕಿನ ಕೋಣೆಯೊಳಗೆ ಬಂದು ಕೂತೆ.

ಮಗು ಅಳಲಿ ಅಂದದ್ದು ಯಾಕೆ ಗೊತ್ತಾ? ನಾವಾದರೆ ಆಕಳಿಸಿ, ಎಂಜಲು ನುಂಗಿ ಕಿವಿ ಬಿಡಿಸಿಕೊಳ್ಳುತ್ತೇವೆ. ಕೂಸಿಗೆ ಹೇಳೋರ್ಯಾರು? ಅತ್ತರೆ ಕಿವಿ ಬಿಡುತ್ತದೆ. ನುಂಗಿದರೂ ಬಿಡುತ್ತದೆ. ಅದಕ್ಕೇ ವಿನುತಾ ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ತಂದಿದ್ದೆವು. ನರ್ಸ್ ಹೇಳಿದಂತೆ ಒಂದೊಂದೇ ಗುಟುಕು ಬಾಯಿಗೆ ಬಿಟ್ಟೆ. ಗಂಟಲು ಗುಳುಕ್ ಅಂದಿತು. ಅಳು ನಿಂತಿತು. ಬೆವರು ಸುರಿಯುವಷ್ಟು ಸೆಖೆಯಾಯಿತು. “ಸಾಕಾ?” ಅಂದ ನನ್ನ ದನಿ ಮೂಗಿನಿಂದ ಬಂದ ಹಾಗೆ ಕೇಳಿಸಿತು. ಒತ್ತಡ ಬೇಕಾದಷ್ಟು ಏರಿದ ಮೇಲೆ ನರ್ಸ್ ಮಗುವಿನ ತಲೆಗೆ ಪಾರದರ್ಶಕವಾದ ಒಂದು ಟೋಪಿ ತೊಡಿಸಿದರು. ಅದರೊಳಗೆ ಆಕ್ಸಿಜನ್ ಹರಿಯಿತು. ಪುಟ್ಟಿ ಮೀನಿನ ತೊಟ್ಟಿಯೊಳಗಿಂದ ನೋಡುವ ಹಾಗೆ ನನ್ನನ್ನು ನೋಡಿ, ಕಣ್ಣು ಮುಚ್ಚಿತು.

ಆಮೇಲೆ ಶುರುವಾಯಿತು ನನ್ನ ಪಾಡು. ಮಗುವಿಗೆ ನಿದ್ದೆ. ನನಗೆ ಮೈಯೆಲ್ಲ ಇರುವೆ. ಕಾಲು ಅಲ್ಲಾಡಿಸಬೇಕು ಅನ್ನಿಸುತ್ತದೆ, ಮಗು ಎದ್ದರೆ? ಫೋನು ನೋಡಬೇಕು ಅನ್ನಿಸುತ್ತದೆ, ಕೈ ತಾನಾಗಿ ಇಲ್ಲದ ಜೇಬಿಗೆ ಹೋಗುತ್ತದೆ. ನೋಡಲು ಇದ್ದದ್ದು ಒಂದೇ. ಪುಟ್ಟಿಯ ಪಾದ, ಅದರ ಮೇಲಿನ ಪೆನ್ನಿನ ಗೆರೆ. ನೋಡಿದೆ. ನೋಡಿದೆ. ನೋಡುತ್ತಲೇ ಇದ್ದೆ.

“ಸಿಸ್ಟರ್, ಇಲ್ಲಿ ಸ್ವಲ್ಪ ಕೆಂಪಾಯ್ತಾ?”

“ಈಗ್ತಾನೇ ಕೇಳಿದ್ರಿ ಸರ್.”

“ಈಗ ಮತ್ತೆ ನೋಡಿ.”

ಅವರು ನಕ್ಕರು. “ಮೊದಲನೇ ದಿನ ಎಲ್ರಿಗೂ ಕೆಂಪಾದ ಹಾಗೇ ಕಾಣುತ್ತೆ. ಮಗು ಮುಖ ನೋಡ್ತಾ ಕೂತ್ಕೊಳ್ಳಿ. ಅದು ಚೆನ್ನಾಗಿದೆ.”

ನಿಜ ಹೇಳ್ತೀನಿ, ಆಗಲೇ ನಾನು ಆ ಮಗುವಿನ ಮುಖವನ್ನು ಸರಿಯಾಗಿ ನೋಡಿದ್ದು. ಕಾಲು ನೀಲಿಯಾದಾಗಿನಿಂದ ನಾವ್ಯಾರೂ ಮುಖ ನೋಡಿರಲಿಲ್ಲ. ಬಂದವರೆಲ್ಲ ಬಟ್ಟೆ ಸರಿಸಿ ಕಾಲು ನೋಡಿ, ಲೊಚಗುಟ್ಟಿ ಹೋಗುತ್ತಿದ್ದೆವು. ಪುಟ್ಟಿಯ ಹುಬ್ಬು ನಮ್ಮಮ್ಮನದು. ಕೆಳತುಟಿ ಮಹೇಶನದು. ಗದ್ದದ ಮೇಲೆ ಒಂದು ಸಣ್ಣ ಗುಳಿ. ಅದು ಯಾರದ್ದೂ ಅಲ್ಲ, ಅವಳದ್ದೇ.

ದಿನಕ್ಕೊಂದು ಸಲ ಒಳಗೆ ಹೋಗುವುದು, ಬರುವುದು. ಮೂರನೇ ದಿನ ರಾದ್ಧಾಂತವಾಯಿತು.

ಟೆಕ್ನಿಷಿಯನ್ ಮಗುವನ್ನು ಎತ್ತಿಕೊಂಡವನು ನೆತ್ತಿ ಮೂಸಿದ. ಮುಖ ಗಂಟಿಕ್ಕಿದ. ಕೈಯಾಡಿಸಿ ಬೆರಳು ತೋರಿಸಿದ. ಜಿಡ್ಡು! ನೆತ್ತಿಯಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಘಮಘಮ ಕೊಬ್ಬರಿ ಎಣ್ಣೆ.

“ಇವತ್ತಿನ ಸ್ಲಾಟ್ ಕ್ಯಾನ್ಸಲ್” ಅಂದ. ನಾನು ಗೋಗರೆದೆ. ಆಗಲ್ಲ ಅಂದ. ಜಗಳಕ್ಕೆ ನಿಂತೆ. ಡಾಕ್ಟರಮ್ಮ ಬಂದರು, ಅವರೂ ಆಗಲ್ಲ ಅಂದರು. ಮಗುವಿಗೆ ಚೆನ್ನಾಗಿ ಸ್ನಾನ ಮಾಡಿಸಿ, ಸಂಜೆ ಜಾಗ ಖಾಲಿಯಾದರೆ ನೋಡೋಣ ಅಂದರು.

ರೂಮಿಗೆ ಬಂದರೆ ವಿನುತಾ ಬೆಂಕಿ. “ಯಾರು ಹಚ್ಚಿದ್ದು?”

ಮೂಲೆಯಲ್ಲಿ ಕೂತಿದ್ದ ಗಿರಿಜಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. “ನಾನೇ ಕಣವ್ವ.”

“ಎಣ್ಣೆ ಹಚ್ಚಬೇಡಿ ಅಂತ ಅಷ್ಟು ಸಲ ಹೇಳಿದ್ರಲ್ಲ ಅತ್ತೆ! ಬೆಂಕಿ ಹತ್ತಿಕೊಳ್ಳುತ್ತೆ ಅಂದ್ರಲ್ಲ! ಒಳಗೆ ನನ್ನ ಮಗು, ನನ್ನ ಅಣ್ಣ ಇಬ್ರೂ ಇರ್ತಾರೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?”

ಮದುವೆಯಾಗಿ ಬಂದ ಮೇಲೆ ಅತ್ತೆಯ ಎದುರು ಅವಳು ದನಿಯೇರಿಸಿದ್ದು ಅದೇ ಮೊದಲಂತೆ. ಮಹೇಶ ಕಿಟಕಿಯ ಕಡೆ ತಿರುಗಿ ನಿಂತ.

ಗಿರಿಜಮ್ಮ ನನ್ನ ಕಡೆ ತಿರುಗಿ ಹೇಳಿದರು. “ನೀವೇ ಹೇಳಿ ಬೀಗ್ರೇ. ಮಗೀನ ಮೈ ಒಣಗಿ ಬಿಳಿಚ್ಕೊಂಡಿತ್ತು. ಡಾಕ್ಟ್ರು ಸೂಜಿ ಚುಚ್ತಾರೆ. ಇವಳು ಹಾಲು ಹಿಂಡ್ತಾಳೆ. ನೀವು ಆ ಗಾಳಿ ಡಬ್ಬಿಯೊಳಗೆ ಹೋಗಿ ಕೂತ್ಕೊಂತೀರಿ. ಇವನು ಔಷಧಿ ತರಕ್ಕೆ ಓಡಾಡ್ತಾನೆ. ನಾನು? ಈ ಮೂಲೇಲಿ ಕೂತು ಕೂತು ನನ್ ಕೈ ಸತ್ತೋಗೈತೆ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋದು ಬಿಟ್ರೆ ನಂಗೇನು ಬತ್ತೈತೆ?”



ಬೆಳ್ಳುಳ್ಳಿ ಎಣ್ಣೆ ಅಂದವರು, ಉಪ್ಪಿನ ಗಂಟು ಅಂದವರು, ವಿಡಿಯೋ ಹಾಕಿದ ದೊಡ್ಡಪ್ಪನ ಮಗ, ಎಲ್ಲರ ಮುಖವೂ ನನ್ನ ಕಣ್ಣ ಮುಂದೆ ಬಂತು. ಅವರ ಮೇಲೆಲ್ಲ ಎಷ್ಟು ಉರಿದುಬಿದ್ದಿದ್ದೆ! ಅವರಿಗೂ ಇದೇ ಸಂಕಟ ಇತ್ತೇನೋ? ಕಾಯುವುದಕ್ಕೆ ಬಾರದವರು ಏನು ಮಾಡಬೇಕು ಹೇಳಿ? ಕೈಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಅದರಲ್ಲಿ ಅರ್ಧ ಅಪಾಯ, ಇನ್ನರ್ಧ ನಿರುಪಯೋಗ. (ಅಪಾಯವನ್ನು ಅಪಾಯ ಅಂತಲೇ ಹೇಳಬೇಕು, ಆ ಮಾತು ಬೇರೆ. ವಿನುತಾ ಬೈದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.)

ವಿನುತಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಮಂಚದಿಂದ ಇಳಿದಳು. ನರ್ಸನ್ನು ಕರೆದು ಏನೋ ಕೇಳಿದಳು. ಒಂದು ಬೇಸಿನ್, ಬೆಚ್ಚಗಿನ ನೀರು, ಮಕ್ಕಳ ಸೋಪು ಬಂತು. ಅದನ್ನು ಅತ್ತೆಯ ಮುಂದೆ ಇಟ್ಟಳು.

“ತಗೊಳ್ಳಿ ಅತ್ತೆ. ನೀವೇ ಹಚ್ಚಿದ್ದು, ನೀವೇ ತೊಳೀರಿ. ಒಂದು ಚೂರೂ ಜಿಡ್ಡು ಉಳೀಬಾರ್ದು. ದಿನಾ ಒಳಗೆ ಹೋಗೋ ಮುಂಚೆ ಇದು ನಿಮ್ಮ ಕೆಲಸ. ಕಾಲು ಮಾತ್ರ ಉಜ್ಜಬೇಡಿ, ಅದನ್ನ ಸಿಸ್ಟರ್ ನೋಡ್ಕೋತಾರೆ.”

ಗಿರಿಜಮ್ಮ ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡರು. ಆ ಕೈಗಳ ಕೆಲಸ ನೋಡಬೇಕಿತ್ತು ನೀವು. ಬಲಗಾಲಿನ ಹತ್ತಿರ ಬಂದಾಗಲೆಲ್ಲ ಕೆಂಡ ಕಂಡವರ ಹಾಗೆ ಹಿಂದಕ್ಕೆ ಸರಿಯುತ್ತಿದ್ದವು.

ಸಂಜೆ ಜಾಗ ಸಿಕ್ಕಿತು. ಟೆಕ್ನಿಷಿಯನ್ ಮೂಸಿದ, ಕಂಕುಳು, ತೊಡೆಯ ಸಂದಿ ಎಲ್ಲ ಒತ್ತಿ ನೋಡಿದ. “ಓಕೆ” ಅಂದ. ಅವತ್ತಿನಿಂದ ಗಿರಿಜಮ್ಮ ಬಾಗಿಲವರೆಗೆ ಬಂದು, ಅವನ “ಓಕೆ” ಕೇಳಿಸಿಕೊಂಡೇ ರೂಮಿಗೆ ವಾಪಸಾಗುತ್ತಿದ್ದದ್ದು.

ವಾರ ಕಳೆಯುವುದರೊಳಗೆ ಡಾಕ್ಟರಮ್ಮ ಹೊಸ ಗೆರೆ ಎಳೆದರು. ಹಳೇ ಗೆರೆಗಿಂತ ಕೆಳಗೆ, ಬೆರಳುಗಳ ಕಡೆಗೆ! ನಾನು ಕುಣಿದಾಡಿದೆ. ಮಾರನೇ ದಿನ ಗೆರೆ ಅಲ್ಲೇ ಇತ್ತು. ಕುಸಿದುಹೋದೆ. ಅದರ ಮಾರನೇ ದಿನ ಅಂಗಾಲು ಬೆಚ್ಚಗಾಯಿತು. ನನ್ನ ಮನಸ್ಸಿನ ಏರಿಳಿತಕ್ಕೆ ಆ ಚೇಂಬರಿನ ಮೀಟರೂ ಸಾಲುತ್ತಿರಲಿಲ್ಲ.

ಕೊನೆಗೆ ಪಾದ ಉಳಿಯಿತು. ಹಿಮ್ಮಡಿ, ಅಂಗಾಲು, ಹೆಬ್ಬೆರಳು, ಕಿರುಬೆರಳು, ಅದರ ಪಕ್ಕದ್ದು, ಎಲ್ಲ ಕೆಂಪಗೆ, ಬೆಚ್ಚಗೆ. ಹೆಬ್ಬೆರಳಿನ ಪಕ್ಕದ ಬೆರಳು ಮತ್ತು ನಡುವಿನ ಬೆರಳು, ಇವೆರಡು ಮಾತ್ರ ಕಪ್ಪಾಗಿ, ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದವು.

“ಇವು ಉಳಿಯಲ್ಲ” ಅಂದರು ಡಾಕ್ಟರಮ್ಮ. “ಕತ್ತರಿಸೋದೂ ಬೇಡ. ಒಣಗಿ ತಾವೇ ಬಿದ್ದುಹೋಗ್ತವೆ. ಗಾಬರಿಯಾಗಬೇಡಿ. ನಡೆಯೋಕೆ, ಓಡೋಕೆ ತೊಂದರೆ ಆಗಲಿಕ್ಕಿಲ್ಲ.”

ಡಿಸ್ಚಾರ್ಜ್ ದಿನ ನಾನು ಅವರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದೆ. “ಡಾಕ್ಟ್ರೇ, ಒಂದು ಹೇಳಿ. ಪಾದ ಉಳಿದದ್ದು ಆ ಆಕ್ಸಿಜನ್ನಿಂದಲೇ ತಾನೇ?”

“ಗೊತ್ತಿಲ್ಲ.”

“ಅಂದ್ರೆ?”

“ಇಂಜೆಕ್ಷನ್ನೂ ಕೊಟ್ಟಿದ್ದೀವಿ, ಆಕ್ಸಿಜನ್ನೂ ಕೊಟ್ಟಿದ್ದೀವಿ. ಮಗುವಿನ ದೇಹ ತಾನೇ ಹೊಸ ದಾರಿ ಮಾಡ್ಕೊಂಡಿರಲೂಬಹುದು. ಯಾವುದು ಎಷ್ಟು ಕೆಲಸ ಮಾಡ್ತು ಅಂತ ಹೇಳಬೇಕಾದ್ರೆ ಇಂಥದ್ದೇ ಇನ್ನೊಂದು ಪುಟ್ಟಿ ಬೇಕು, ಅವಳಿಗೆ ಆಕ್ಸಿಜನ್ ಕೊಡದೆ ಬಿಡಬೇಕು. ಹಾಗೆ ಮಾಡೋಕಾಗುತ್ತಾ?”

ದಿನಾ ಒಂದೂವರೆ ಗಂಟೆ ಅಲುಗಾಡದೆ ಕೂತವನಿಗೆ ಇದೇನಾ ಉತ್ತರ? ರೈಲಿನಲ್ಲಿ ವಾಪಸ್ ಬರುವಾಗ ತಲೆಯೊಳಗೆ ಅದೇ ಕೊರೆಯುತ್ತಿತ್ತು. ಈಗಲೂ ಕೊರೆಯುತ್ತದೆ. ಯಾರಾದರೂ “ಆ ಚಿಕಿತ್ಸೆ ಮಾಡಿಸೋದು ಒಳ್ಳೇದಾ?” ಅಂತ ಫೋನು ಮಾಡಿದರೆ ನಾನು ತಡವರಿಸುತ್ತೇನೆ. ನಮಗೆ ಅವಕಾಶವಿತ್ತು, ಹೋದೆವು, ಇಷ್ಟು ಉಳಿಯಿತು. ನಿಮ್ಮ ಡಾಕ್ಟರನ್ನು ಕೇಳಿ. ಅಷ್ಟೇ ಹೇಳಬಲ್ಲೆ. ಗಟ್ಟಿಯಾಗಿ ಹೇಳಲು ಏನೂ ಇಲ್ಲದ ಅಂಕಣಕಾರನ ಕಷ್ಟ ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಬೆರಳು ಬಿದ್ದದ್ದು ಹಳೇಬೀಡಿನ ಮನೆಯಲ್ಲಿ. ಎರಡೂ ಒಂದೇ ವಾರದಲ್ಲಿ. ಒಂದು ಬೆಳಗ್ಗೆ ಸ್ನಾನ ಮಾಡಿಸಿ ಮೈ ಒರೆಸುವಾಗ ಮೊದಲನೆಯದು ಬಟ್ಟೆಗೆ ಅಂಟಿಕೊಂಡು ಬಂತು. ರಕ್ತ ಇಲ್ಲ. ಮಗು ಅಳಲೂ ಇಲ್ಲ. ಗಿರಿಜಮ್ಮ ಕೂಗಿಕೊಳ್ಳಲಿಲ್ಲ. ಮಗುವನ್ನು ಬೆಚ್ಚಗೆ ಸುತ್ತಿ ಸೊಸೆಯ ಕೈಗೆ ಕೊಟ್ಟು, ಬಚ್ಚಲುಮನೆಗೆ ವಾಪಸ್ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿದರಂತೆ. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲವಂತೆ. ವಿನುತಾ ಹೋಗಿ ಬಾಗಿಲು ತಟ್ಟಿದಳು. “ಅತ್ತೆ, ಬನ್ನಿ. ಡಾಕ್ಟ್ರು ಹೇಳಿದ್ರಲ್ಲ ಹೀಗಾಗುತ್ತೆ ಅಂತ. ಪುಟ್ಟಿ ನಗ್ತಿದೆ ನೋಡಿ, ಬನ್ನಿ.”

ಹೋದ ಭಾನುವಾರ ನಾಮಕರಣ. ಐದನೇ ತಿಂಗಳು, ತಡವೇ ಆಯಿತು. ಅನ್ವಿತಾ ಅಂತ ಹೆಸರಿಟ್ಟೆವು. ಅರಸೀಕೆರೆಯಿಂದ ನಮ್ಮ ತೊಟ್ಟಿಲೂ ಹೋಗಿತ್ತು. ಮಗುವಿನ ಕಾಲಿಗೆ ಸಾಕ್ಸ್ ಹಾಕೋಣ ಅಂತ ಯಾರೋ ಅಂದದ್ದಕ್ಕೆ ವಿನುತಾ “ಸೆಖೆ” ಅಂತ ಹಾಕಿಸಲಿಲ್ಲ. ಪುಟ್ಟಿ ಎರಡೂ ಕಾಲು ಮೇಲೆತ್ತಿ ತೊಟ್ಟಿಲನ್ನು ಧಡಧಡ ಒದೆಯುತ್ತಿದ್ದಳು. ಬಲಗಾಲಿಂದಲೇ ಜೋರು.

ಬಿಕ್ಕೋಡಿನಿಂದ ಬಂದಿದ್ದ ಗಿರಿಜಮ್ಮನವರ ಅಕ್ಕ ತೊಟ್ಟಿಲ ಬಳಿ ಬಂದರು. ವಯಸ್ಸಾದವರು, ಒಳ್ಳೆಯವರು. ಪುಟ್ಟಿಯ ಬಲಪಾದ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟರು.

“ಅಯ್ಯೋ ಶಿವನೇ. ಉಂಗುರದ ಬೆರಳೇ ಹೋಯ್ತಲ್ಲೇ ಗಿರಿಜಾ. ನಾಳೆ ಮದುವೇಲಿ ಇವಳಿಗೆ ಕಾಲುಂಗುರ ಎಲ್ಲಿಗೆ ಹಾಕ್ತೀರಿ?”

ಮಹೇಶ ತಲೆ ತಗ್ಗಿಸಿದ. ಮಾತು ನನ್ನ ನಾಲಿಗೆ ತುದಿಯವರೆಗೂ ಬಂತು. ವಿನುತಾ ಬಾಯಿ ತೆರೆದಳು. ಅಷ್ಟರಲ್ಲಿ ಗಿರಿಜಮ್ಮ ತಮ್ಮ ಅಕ್ಕನ ಕೈಯಿಂದ ಆ ಪಾದವನ್ನು ಮೆಲ್ಲಗೆ ಬಿಡಿಸಿಕೊಂಡರು.

“ಬಿಡಕ್ಕ, ಒದೀಲಿ. ಹಿಡ್ಕೊಬೇಡ.”

ಅಷ್ಟೇ. ಊಟಕ್ಕೆ ಎಲೆ ಹಾಕಿದರು, ಎಲ್ಲರೂ ಎದ್ದರು.

ನಾನು ಮಾತ್ರ ಊಟದ ಪಂಕ್ತಿಯಲ್ಲೂ ಚಡಪಡಿಸುತ್ತಲೇ ಇದ್ದೆ. ಅರಸೀಕೆರೆಗೆ ಬಂದ ಮೇಲೂ ಅದೇ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಹೆಣ್ಣುಮಗುವಿಗೆ ಕಾಲು ಇರುವುದು ಓಡುವುದಕ್ಕೋ, ಉಂಗುರ ಹಾಕುವುದಕ್ಕೋ?